ಬೂದಿಗುಡ್ಡದ ಚುಕ್ಕಿಗೆರೆ

ತಮ್ಮ ಶಿವಾನಂದನ ಸುದ್ದಿ ತಿಳಿದ ದಿನ ಫೋನು ಹನ್ನೊಂದು ಸಲ ಗಂಟೆ ಬಾರಿಸಿತು. ಅಲ್ಲಪ್ಪ ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದೇವರ ಜಗಲಿಯ ಮುಂದೆ ಕೂತಿದ್ದ. ಪೂಜೆಗೆ ಕೂತವನು ಮನೆಗೆ ಬೆಂಕಿ ಬಿದ್ದರೂ ಏಳಬಾರದೆಂದು ತಂದೆ ಹೇಳಿಕೊಟ್ಟಿದ್ದರು; ಅರವತ್ತು ವರ್ಷಗಳಲ್ಲಿ ಅವನು ಒಮ್ಮೆಯೂ ನಡುವೆ ಎದ್ದಿರಲಿಲ್ಲ. ಆದರೆ ಅವತ್ತು ಅವನು ಜಪ ಎಣಿಸುತ್ತಿರಲಿಲ್ಲ, ಫೋನಿನ ಗಂಟೆ ಎಣಿಸುತ್ತಿದ್ದ. ಐದನೆಯದಕ್ಕೆ ಸಿಟ್ಟು ಬಂತು. ಎಂಟನೆಯದಕ್ಕೆ, ಯಾರೇ ಆಗಿರಲಿ, ಅವರಿಗೆ ಏನೆಂದು ಬೈಯಬೇಕೆಂಬುದನ್ನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡ. ಹನ್ನೊಂದನೆಯದು ನಡುವೆಯೇ ನಿಂತಿತು. ಹೆಂಡತಿ ಸುಂದ್ರವ್ವ ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಫೋನು ಹಿಡಿದು ಬಾಗಿಲಿಗೆ ಬಂದು ನಿಂತಳು. ಫೋನಿಗೆಲ್ಲ ಜೋಳದ ಹಿಟ್ಟು ಮೆತ್ತಿತ್ತು.

"ಪೂಜಾ ಮುಗೀಲಿ," ಎಂದ ಅಲ್ಲಪ್ಪ, ಕಣ್ಣು ತೆರೆಯದೆ.

"ನಿಮ್ಮ ತಮ್ಮ ಬಿದ್ದಾನಂತ್ರಿ. ಬೂದಿಗುಡ್ಡದಾಗ. ಸೈಕಲ್ ಮ್ಯಾಲಿಂದ."

ಆಗ ಅವನ ಬಾಯಿಂದ ಬಂದ ಮೊದಲ ಮಾತು 'ಹೆಂಗದಾನ' ಎಂಬುದಲ್ಲ. "ಗುಡ್ಡದ ಯಾವ ಬಾಜೂ?" ಎಂದು ಕೇಳಿದ. ಸುಂದ್ರವ್ವ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಯಾವ ಬಾಜೂ ಆದ್ರೇನ್ರಿ, ಹೋಗಿಬಿಟ್ಟಾನಂತ," ಎಂದು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಅಂಗೈ ಮೇಲಿನ ಲಿಂಗ ತಣ್ಣಗಿತ್ತು. ಅದನ್ನು ಎಲ್ಲಿ ಇಡಬೇಕೆಂದು ಅಲ್ಲಪ್ಪನಿಗೆ ಒಂದು ಗಳಿಗೆ ತಿಳಿಯಲಿಲ್ಲ.

ಅದಾಗಿ ಇವತ್ತಿಗೆ ಹದಿನಾರು ದಿನ. ಈ ಹದಿನಾರು ದಿನಗಳಲ್ಲಿ ಅವನಿಗೆ ಸಿಟ್ಟು ಬಾರದ ವಸ್ತುವೇ ಇರಲಿಲ್ಲ. ಮಣ್ಣಿಗೆ ಬಂದ ಸೈಕಲ್ ಮಂದಿ, ತಲೆಗೆ ಹಾಕುವ ಚಿಪ್ಪುಗಳನ್ನು ಕಂಕುಳಲ್ಲಿ ಹಿಡಿದು ಮೈಗಂಟಿದ ಬಣ್ಣದ ಬನಿಯನ್ನುಗಳಲ್ಲಿ ನಿಂತಿದ್ದರಲ್ಲ, ಅವರ ಮೇಲೆ ಸಿಟ್ಟು. ಅವನ ನೆನಪಿಗೆ ಐದು ಗಿಡ ನೆಡೋಣ ಎಂದವನ ಮೇಲೆ ಸಿಟ್ಟು. ಸತ್ತವನ ಹೆಸರಿನ ಗಣಾರಾಧನೆಯ ಊಟದಲ್ಲಿ ಹೋಳಿಗೆಯನ್ನು ಎರಡನೇ ಸಲ ಹಾಕಿಸಿಕೊಂಡ ಬೀಗರ ಮೇಲೆ ಸಿಟ್ಟು. ಐವತ್ತೈದು ತುಂಬಿದ ಮೇಲೆ ದಪ್ಪ ಗಾಲಿಯ ಸೈಕಲ್ಲು ಕೊಂಡ ತಮ್ಮನ ಮೇಲೆಯೇ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಮೂಡಲಗಿಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿ ಮೂವತ್ತು ವರ್ಷ ಸೀಟಿ ಊದಿದವನು, ಸಕ್ಕರೆ ಬೇನೆ ಬಂದಿದೆ ಎಂದು ಡಾಕ್ಟರು ಹೇಳಿದ ಕೂಡಲೇ ನಡೆಯುವುದನ್ನು ಬಿಟ್ಟು ಸೈಕಲ್ಲು ಹತ್ತಿದ. ಹತ್ತಿದವನು ಡಾಂಬರು ರಸ್ತೆಯ ಮೇಲೆ ಹೋಗಬಾರದೇ? ಕುರಿಯ ದಾರಿ, ಸೌದೆಯವರ ದಾರಿ, ಕಾಲುವೆಯ ಏರಿ. ಹ್ಯಾಂಡಲ್ಲಿಗೆ ಫೋನು ಕಟ್ಟಿಕೊಂಡು ಹೊರಟರೆ, ಹೋದಲ್ಲೆಲ್ಲ ಅದು ಗೆರೆ ಎಳೆಯುತ್ತಿತ್ತಂತೆ. ಆ ಗೆರೆಗಳನ್ನು ಎಲ್ಲರೂ ನೋಡುವ, ಯಾರು ಬೇಕಾದರೂ ತಿದ್ದುವ ಒಂದು ನಕಾಶೆಗೆ ಹಾಕುತ್ತಿದ್ದ. ಗೋಕಾಕದಿಂದ ಹುಕ್ಕೇರಿಯವರೆಗೆ ಎಲ್ಲ ಸೇರಿ ನಾಲ್ಕು ನೂರು ಕಿಲೋಮೀಟರು ದಾರಿ ಹಾಕಿದ್ದೇನೆ ಎಂದು ಊಟಕ್ಕೆ ಕೂತಾಗ ಹೇಳಿಕೊಂಡಿದ್ದ, ಹೊಸ ಹಲ್ಲು ಬಂದ ಕೂಸಿನ ಹಾಗೆ.

"ಯಾರ ಕೇಳ್ಯಾರಪಾ ನಿನ್ನ ದಾರಿ?" ಎಂದಿದ್ದ, ಭೂಮಾಪನ ಇಲಾಖೆಯಲ್ಲಿ ಸರ್ವೆಯರನಾಗಿ ನಿವೃತ್ತನಾಗಿದ್ದ ಅಲ್ಲಪ್ಪ.

"ಕೇಳೂದಿಲ್ಲಣ್ಣಾ. ಇರಲಿ ಅಂತ. ಅವು ಅಳಿಸಿ ಹೊಂಟಾವು. ಕುರಿಯವ್ರ ಹುಡುಗ್ರು ಈಗ ಗುಡ್ಡಾ ಏರೂದಿಲ್ಲ."

"ಆಕಾಶದಾಗಿಂದ ಅಳದ್ರ ಭೂಮಿ ಗೊತ್ತಾಕ್ಕೈತೇನು? ಮೂವತ್ನಾಕು ವರ್ಷ ಮೋಜಣಿ ಮಾಡೇನಿ. ಅಳತಿ ಸಾಖಳಿ ನೆಲಕ್ಕ ಹಚ್ಚಿ ಎಳದಾಗ ಗೆರಿ ಖರೆ ಆಗೂದು. ನಿಂದು ಬರೇ ಆಟ."

ಶಿವಾನಂದ ನಕ್ಕಿದ್ದ. ಅಣ್ಣ ಬೈದಾಗಲೆಲ್ಲ ಅವನು ನಗುತ್ತಿದ್ದ. ಹಾಗೆ ನಗುವುದೂ ಒಂದು ಅವಮಾನವೇ ಎಂದು ಅಲ್ಲಪ್ಪನಿಗೆ ಅನಿಸುತ್ತಿತ್ತು. ಆಮೇಲೆ ರೊಟ್ಟಿಯ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ್ದ: "ಅದಿರಲಿ, ಬೂದಿಗುಡ್ಡದ ಹಿಂದ ಹಳ್ಳಕ್ಕ ಇಳಿಯೂ ಕಾಲುದಾರಿ ಹಳೇ ನಕಾಶೆದಾಗ ಐತಿ. ಚುಕ್ಕಿಗೆರಿ. ಖರೇನ ಐತೇನು?" ಅಷ್ಟೇ ಕೇಳಿದ್ದು. ಸುಂದ್ರವ್ವ ಸಾರು ಹಾಕುತ್ತಿದ್ದಳು. ಅಲ್ಲಪ್ಪ ತಟ್ಟೆಯಿಂದ ತಲೆ ಎತ್ತದೆ, "ಐತಿ. ಆ ಹಾಳಿ ನನ್ನ ಕೈಯಾಂದು," ಎಂದುಬಿಟ್ಟಿದ್ದ.

ಮೇಲವಂಕಿಯ ಈ ಮನೆಯ ಕಟ್ಟೆಯ ಮೇಲೆ ಕೂತು ಅವನು ಈಗ ಅದೇ ಮಾತನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದಾಗ ಅಂಗಳದಲ್ಲಿ ಒಂದು ಸೈಕಲ್ಲು ಬಂದು ನಿಂತಿತು. ಇಳಿದವಳು ಇಪ್ಪತ್ತೆಂಟು ಮೂವತ್ತರ ಹುಡುಗಿ. ಮುಖವೆಲ್ಲ ಧೂಳು. ತಲೆಯ ಚಿಪ್ಪು ತೆಗೆದು ಕೈ ಮುಗಿದಳು.

"ನಾನು ಮಯೂರಿ ಅಂತ್ರಿ ಅಜ್ಜಾರ. ಸಂಕೇಶ್ವರದಾಗ ಡಿಪ್ಲೊಮಾ ಕಾಲೇಜಿನ್ಯಾಗ ಕಲಸ್ತೇನಿ. ಸರ್ ಜೋಡಿ ಸೈಕಲ್ ಹೊಡೀತಿದ್ವಿ. ನಕಾಶೆದ ಕೆಲಸಾನೂ ಕೂಡೇ ಮಾಡ್ತಿದ್ವಿ."

ಒಳಗಿನಿಂದ ಸುಂದ್ರವ್ವ ನೀರು ತಂದಳು. ಅವಳ ಹಿಂದೆ ಶಿವಾನಂದನ ಹೆಂಡತಿ ಅನ್ನಪೂರ್ಣಾ ಬಂದು ಬಾಗಿಲಿಗೆ ಒರಗಿ ನಿಂತಳು. ದಿನಕರ್ಮ ಮುಗಿಸಿ ನಾಲ್ಕು ದಿನ ಇರಲೆಂದು ಅವಳನ್ನು ಇಲ್ಲಿಗೆ ಕರೆತಂದಿದ್ದರು. ಹುಡುಗಿ ಅವಳನ್ನು ನೋಡಿ ಮಾತು ತಡೆದಳು, ಆಮೇಲೆ ತಡೆಯಲು ಸಾಧ್ಯವಿಲ್ಲವೆಂಬಂತೆ ಹೇಳಿದಳು. ಬರುವ ರವಿವಾರ ನಲವತ್ತು ಮಂದಿ ಸೇರಿ ಸರ್ ಹೋದ ದಾರಿಯಲ್ಲೇ ಹೋಗಬೇಕೆಂದು ಮಾಡಿದ್ದಾರೆ. ಗುಡ್ಡದ ತುದಿಯಿಂದ ಹಳ್ಳದವರೆಗೆ ಇಳಿದು, ಆ ದಾರಿಗೆ ಸರ್ ಹೆಸರಿಡಬೇಕೆಂದಿದ್ದಾರೆ. ಹೋಗಿ ನೋಡಿದವರಿಗೆ ಎದೆಮಟ್ಟದ ಹುಲ್ಲಿನಲ್ಲಿ ಏನೂ ಕಾಣಲಿಲ್ಲ. ದಾರಿ ಇನ್ನೂ ಸ್ವಲ್ಪ ಎಡಕ್ಕಿರಬೇಕು, ಸರ್ ನಾಲ್ಕು ಮಾರು ತಪ್ಪಿದರು ಎಂದು ಎಲ್ಲರೂ ಅನ್ನುತ್ತಾರೆ. ಸೈಕಲ್ಲು ಹೆಗಲ ಮೇಲೆ ಹೊತ್ತು ಎಡಕ್ಕೆ ಹುಡುಕಿ ಇಳಿಯುವುದೆಂದು ನಿಶ್ಚಯ.

"ಮತ್ತ ನೀ ಯಾಕ ಬಂದಿ?"

"ಗುಡ್ಡಕ್ಕ ಹೋಗೂ ಮೊದಲ ಸರ್ ಆ ದಾರಿ ಗೆರಿ ನಕಾಶೆಕ್ಕ ಹಾಕಿದ್ರು. ಹಾಕಿ ಅದರ ಕೆಳಗ ಬರದಾರ, ನಮ್ಮಣ್ಣನ ಮೋಜಣಿ, ಹತ್ತೊಂಬತ್ನೂರಾ ಎಂಬತ್ತೇಳು ಅಂತ. ಹಳೇ ನಕಾಶೆದಾಗೂ ಐತಿ. ಆದ್ರ ನಮ್ಮ ಮುತ್ಯಾ ಬ್ಯಾರೇನ ಹೇಳ್ತಾನ. ಅಲ್ಲಿ ಇಳಿಯಾಕ ದಾರೀನ ಇಲ್ಲ, ಎಡಕೂ ಇಲ್ಲ ಬಲಕೂ ಇಲ್ಲ, ಗುಡ್ಡ ಕುಸದು ಅರವತ್ತು ವರ್ಷ ಆಗೇತಿ ಅಂತಾನ. ನಾ ಹೇಳಿದ್ರ ಗುಂಪಿನವ್ರು ಕೇಳವಲ್ರು. ಸರ್ಕಾರಿ ನಕಾಶೆ ಸುಳ್ಳೇನು, ಮುದುಕನ ಮಾತು ಖರೇ ಏನು ಅಂತಾರ. ಅದಕ್ಕ ನಿಮ್ಮನ್ನ ಕೇಳಿ ಹೋಗೂಣು ಅಂತ ಬಂದೆ."

"ಯಾರು ನಿಮ್ಮ ಮುತ್ಯಾ?"

"ಘೋಡಗೇರಿ ಯಲ್ಲಾರಿ ಅಂತ್ರಿ. ಮೊದಲ ನಿಮ್ಮ ಕೂಡ ಸಾಖಳಿ ಹಿಡೀತಿದ್ನಂತ."

ಯಲ್ಲಾರಿ. ಹೆಗಲ ಮೇಲೆ ಸುತ್ತಿಟ್ಟ ಕಬ್ಬಿಣದ ಸಾಖಳಿ, ಕೈಯಲ್ಲಿ ಕೆಂಪು ಬಾವುಟದ ಕೋಲು, ಕಾಲಲ್ಲಿ ಟೈರಿನ ಚಪ್ಪಲಿ. ಅವನಿನ್ನೂ ಇದ್ದಾನೆ, ಇದ್ದು ಮಾತಾಡುತ್ತಿದ್ದಾನೆ, ಅವನ ಮೊಮ್ಮಗಳು ಕಾಲೇಜಿನಲ್ಲಿ ಕಲಿಸುತ್ತಾಳೆ, ಇವನ ಮನೆಯ ಅಂಗಳದಲ್ಲಿ ನಿಂತು ಪ್ರಶ್ನೆ ಕೇಳುತ್ತಾಳೆ. ಹುಡುಗಿ ಫೋನು ತೆಗೆದು, "ಸರ್ ಅವತ್ತಿಂದು ಗೆರಿ ಇದರಾಗ ಉಳದೈತ್ರಿ, ನೋಡ್ತೀರೇನು?" ಎಂದು ಮುಂದೆ ಹಿಡಿದಳು. ಅವನು ಅವಳ ಕೈಯನ್ನೇ ಸರಿಸಿದ.

"ನಿಮ್ಮ ಮುತ್ಯಾಗ ಅಕ್ಷರ ಬರತಾವೇನು? ಸಾಖಳಿ ಜಗ್ಗಾಂವ ನನಗ ಮೋಜಣಿ ಕಲಸ್ತಾನೇನು? ದಾರಿ ಐತಿ. ನಾ ಬರದೇನಿ ಅಂದ್ರ ಐತಿ. ಅಂವಗ ಇಳಿಯಾಕ ಬರಲಿಲ್ಲ, ಬಿದ್ದ."

ಅನ್ನಪೂರ್ಣಾ ಬಾಗಿಲು ಬಿಟ್ಟು ಒಳಗೆ ಹೋದಳು. ಹುಡುಗಿ ಕೆಂಪಾಗಲಿಲ್ಲ, ತಲೆ ತಗ್ಗಿಸಲಿಲ್ಲ. ಚಿಪ್ಪಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿದುಕೊಂಡು, "ಆತ್ರಿ. ಹಂಗಂತ ಹೇಳ್ತೇನಿ," ಎಂದಳು. ಸುಂದ್ರವ್ವ ಕೊಟ್ಟ ತಂಬಿಗೆಯ ನೀರು ಹಾಗೆಯೇ ಇತ್ತು.

ಆ ಮಧ್ಯಾಹ್ನ ಊಟಕ್ಕೆ ಕೂತರು. ಅನ್ನಪೂರ್ಣಾ ಬಡಿಸಿದಳು. ಬಡಿಸುತ್ತ, ತಟ್ಟೆಗೆ ಹೇಳುವವಳಂತೆ, "ಬಾವಾರ, ಹ್ವಾದ ವರ್ಷ ಒಬ್ಬಾಂವ ಕೇಳಿದ್ದ ಇವರನ್ನ, ನೀವು ನೋಡಲಾರದ ದಾರಿ ಯಾಕ ಹಾಕೂದಿಲ್ಲ ಅಂತ. ಗಾಲಿ ತಾಗಲಾರದ ಗೆರಿ ನಂದಲ್ಲ ಅಂದಿದ್ರು. ಇದೊಂದ ಗೆರಿ ಅವರು ನೋಡಲಾರದ ಹಾಕಿದ್ದು," ಎಂದಳು. ಅದರಲ್ಲಿ ದೂರು ಇರಲಿಲ್ಲ. ದೂರಿದ್ದರೆ ಅವಳ ಮೇಲೂ ರೇಗಬಹುದಿತ್ತು. ಅವನು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದು, ಹಿತ್ತಲಿಗೆ ಹೋಗಿ, ಬಾನಿಯ ಪಕ್ಕದಲ್ಲಿ ನಿಂತು ಕೈಯನ್ನು ಬಹಳ ಹೊತ್ತು ತೊಳೆದ. ಕಣ್ಣ ಮುಂದೆ ಬಂದದ್ದು ಎಂಬತ್ತೇಳರ ಮೇ ತಿಂಗಳು. ಬೂದಿಗುಡ್ಡದ ಎದುರಿನ ಹುಣಸೆಯ ಮರ. ಮರದ ಬುಡದಲ್ಲಿ ಮಡಚುವ ಮೇಜು ಹಾಕಿ, ಅದರ ಮೇಲೆ ಹಾಳೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟಿದ್ದ. ಬಿಳಿಯ ಬಿಸಿಲಿನಲ್ಲಿ ಗುಡ್ಡದ ಬೆನ್ನು ಬೂದಿಯ ಹಾಗೆ ಕಾಣುತ್ತಿತ್ತು. ಹಳೆಯ ಹಾಳೆಯಲ್ಲಿ ಗುಡ್ಡದ ಹಿಂದೆ ಒಂದು ಚುಕ್ಕಿಗೆರೆ ಇತ್ತು. ಅದನ್ನು ನಡೆದು ನೋಡಿ, ಇದ್ದರೆ ಹೊಸ ಹಾಳೆಗೆ ಇಳಿಸಬೇಕು, ಇಲ್ಲದಿದ್ದರೆ ಬಿಡಬೇಕು. ಅಷ್ಟೇ ಕೆಲಸ. ಯಲ್ಲಾರಿ ದೂರದಲ್ಲಿ, ಬಿಸಿಲಲ್ಲಿ, ಬಾವುಟದ ಕೋಲಿಗೆ ಆತು ನಿಂತಿದ್ದ. ಮರದ ನೆರಳು ದೊಡ್ಡದಿತ್ತು. ನೆರಳಿಗೆ ಬಾ ಎಂದು ಇವನು ಕರೆದಿರಲಿಲ್ಲ.

"ಸಾಹೇಬ್ರ, ಹಿಂದಿನ ಬಾಜೂ ದಾರಿ ಇಲ್ರಿ. ಕುಸದೈತಿ. ಕುರಿ ಸೈತ ಇಳಿಯೂದಿಲ್ಲ. ಬರ್ರಿ, ತೋರಸ್ತೇನಿ."

"ನೀ ಸಾಖಳಿ ಜಗ್ಗಾಂವನೋ, ನಕಾಶೆ ತಗಿಯಾಂವನೋ?"

ಯಲ್ಲಾರಿ ಮತ್ತೆ ಬಾವುಟದ ಕೋಲಿಗೆ ಆತುಕೊಂಡ. ಅಲ್ಲಪ್ಪ ಪೆನ್ಸಿಲ್ಲಿನ ಮೊನೆ ಚೂಪು ಮಾಡಿ ಹಳೆಯ ಹಾಳೆಯಿಂದ ಹೊಸ ಹಾಳೆಗೆ ಮೂವತ್ತೊಂದು ಚುಕ್ಕಿ ಇಟ್ಟ. ಬಂಡೆಯ ಹತ್ತಿರ ಗೆರೆ ಎಡಕ್ಕೆ ಬಾಗಿತು. ಆ ಬಾಗು ಬಹಳ ಚೆನ್ನಾಗಿ ಬಂತು. ಅಂಚಿನಲ್ಲಿ 'ಸ್ಥಳದಲ್ಲಿ ತಾಳೆ ನೋಡಲಾಗಿದೆ' ಎಂದು ಬರೆದು ಸಹಿ ಮಾಡಿದ. ಸಾಕ್ಷಿಗೆಂದು ಪಂಚನ ಸಹಿಗೆ ಯಲ್ಲಾರಿಯನ್ನು ಕರೆದು ಹೆಬ್ಬೆಟ್ಟು ಒತ್ತಿಸಿದ. ಮೇಲಧಿಕಾರಿ ಆ ಹಾಳೆ ನೋಡಿ, ಕೈ ಅಂದರೆ ಇದು ಎಂದಿದ್ದರು. ಈ ಹದಿನಾರು ದಿನ ಅವನು ಅವತ್ತಿಗೆ ಒಂದು ಕಾರಣ ಹುಡುಕುತ್ತಿದ್ದ. ಜ್ವರವಿತ್ತೇ? ಮನೆಯಲ್ಲಿ ಯಾರಿಗಾದರೂ ಹುಷಾರಿರಲಿಲ್ಲವೇ? ಬಸ್ಸು ತಪ್ಪುವುದಿತ್ತೇ? ಏನೂ ಇರಲಿಲ್ಲ. ಬಿಸಿಲಿತ್ತು. ಗುಡ್ಡ ಏರುವುದು ಬೇಡವೆನಿಸಿತ್ತು. ಅಷ್ಟು ಸಣ್ಣದು. ಮೂವತ್ತಾರು ವರ್ಷ ಅವನಿಗೆ ಅದು ನೆನಪೂ ಆಗಿರಲಿಲ್ಲ. ತಮ್ಮ ರೊಟ್ಟಿ ಹಿಡಿದು ಕೇಳಿದಾಗ ನೆನಪಾಗಿತ್ತು. ನೆನಪಾಗಿಯೂ ಐತಿ ಎಂದಿದ್ದ. ಇವತ್ತು ಅಂಗಳದಲ್ಲಿ ನಿಂತು ಮತ್ತೊಮ್ಮೆ ಅಂದಿದ್ದ.

ಸಂಜೆ ಲಿಂಗವನ್ನು ಅಂಗೈಯಲ್ಲಿಟ್ಟು ಕೂತ. ಕಣ್ಣು ಮುಚ್ಚಿದರೆ ಹುಲ್ಲು ಕಂಡಿತು, ಎದೆಮಟ್ಟದ ಹುಲ್ಲು. ಅದರೊಳಗೆ ಸೈಕಲ್ಲು ಹೊತ್ತು ಎಡಕ್ಕೆ ಹೊರಳುತ್ತಿರುವ ನಲವತ್ತು ಮಂದಿ. ಮುಂದೆ ಆ ಹುಡುಗಿ. ಶಿವನ ಮೇಲೂ ಅವನಿಗೆ ಸಿಟ್ಟು ಬಂತು. ಅರವತ್ತು ವರ್ಷ ಏಳದೆ ಕೂತಿದ್ದೇನಲ್ಲ, ಅವತ್ತು ಮರದಡಿಯಿಂದ ಒಮ್ಮೆ ಎಬ್ಬಿಸಲಿಕ್ಕೆ ನಿನಗೇನಾಗಿತ್ತು ಎಂದು ಕೇಳಬೇಕೆನಿಸಿತು. ಕೇಳಿ, ತಾನು ಮತ್ತೆ ಇನ್ನೊಬ್ಬರ ಮೇಲೆ ಹೊರಿಸುತ್ತಿದ್ದೇನೆಂಬುದು ತಿಳಿದು, ಪೂಜೆಯ ನಡುವೆಯೇ ಎದ್ದುಬಿಟ್ಟ. ಸುಂದ್ರವ್ವ ಒಲೆಯ ಮುಂದಿನಿಂದ ನೋಡಿದಳು.

"ನಾಳೆ ಮುಂಜಾನೆ ಘೋಡಗೇರಿಗೆ ಹೋಗಿ ಬರ್ತೇನಿ."

"ಹೋಗಿ ಬರ್ರಿ," ಎಂದಳು. ಒಲೆಗೆ ಕಟ್ಟಿಗೆ ನೂಕುತ್ತ, "ಅವತ್ತ ನೀವು ಗುಡ್ಡದ ಯಾವ ಬಾಜೂ ಅಂತ ಕೇಳಿದಾಗಿಂದ ನಾ ಕಾಯಾಕತ್ತೇನಿ," ಎಂದಳು.

ಗೋಕಾಕದಲ್ಲಿ ಬಸ್ಸು ಬದಲಿಸಿ ಘೋಡಗೇರಿಯಲ್ಲಿ ಇಳಿದಾಗ ಹತ್ತು ಹೊಡೆದಿತ್ತು. ಯಲ್ಲಾರಿಯ ಮನೆ ಕೇಳಬೇಕಾಯಿತು. ಹನ್ನೆರಡು ವರ್ಷ ಜೊತೆಗೆ ಅಳೆದವನ ಮನೆ ಯಾವ ಓಣಿಯಲ್ಲಿದೆ ಎಂದು ಅಲ್ಲಪ್ಪನಿಗೆ ಗೊತ್ತಿರಲಿಲ್ಲ. ಹೊಸದಾಗಿ ಕಟ್ಟಿದ ಮನೆ. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಫೋಟೋ, ಕೆಳಗೆ ಗೋಡೆಗಾನಿಸಿದ ಸೈಕಲ್ಲು. ಯಲ್ಲಾರಿ ಹೊರಸಿನ ಮೇಲೆ ಕೂತು ಉಗುರು ತೆಗೆದುಕೊಳ್ಳುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಕಣ್ಣು ಮಾತ್ರ ಹಾಗೆಯೇ ಇದ್ದವು.

"ಯಾರ ಬಂದಾರ ನೋಡ ಮಯೂರಿ. ಸಾಹೇಬ್ರು. ಕುರ್ಚಿ ಹಾಕು. ನೆರಳಿಗೆ ಹಾಕು, ಸಾಹೇಬ್ರಿಗೆ ಬಿಸಲ ಆಗಿಬರೂದಿಲ್ಲ."

ಅಲ್ಲಪ್ಪ ಕೂತ. ಬಸ್ಸಿನ ಧೂಳಿಗೆ ಗಂಟಲು ಒಣಗಿತ್ತು. ಮಯೂರಿ ಕಾಲೇಜಿಗೆ ಸೂಟಿ ಇದ್ದುದರಿಂದ ಮನೆಯಲ್ಲೇ ಇದ್ದಳು. ಅಜ್ಜನ ಪಕ್ಕದಲ್ಲಿ ಬಂದು ನಿಂತಳು. ಯಾರೂ ನೀರು ಕೊಡಲಿಲ್ಲ.

"ನೀರ ಕೇಳಲಿಲ್ಲ ಅಂತ ಸಿಟ್ಟಾಗಬ್ಯಾಡ್ರಿ," ಎಂದ ಯಲ್ಲಾರಿ. "ನೀವು ನಮ್ಮಲ್ಲಿ ಕುಡ್ಯೂದಿಲ್ಲ ಅನ್ನೂದು ರೂಢಿ ಆಗಿಬಿಟ್ಟೈತಿ. ಹನ್ನೆರಡು ವರ್ಷದ ರೂಢಿ."

ಕೇಳಿ ಕುಡಿಯಬಹುದಾಗಿತ್ತು. ಕೇಳಿದರೆ ಅದೂ ಒಂದು ದೊಡ್ಡತನದ ತೋರಿಕೆಯಾದೀತೆಂದು ಅಲ್ಲಪ್ಪ ಉಗುಳು ನುಂಗಿದ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ, ಕಾಲಮಾನ, ಇಲಾಖೆಯ ಅವಸರ, ಹಳೆಯ ಹಾಳೆಯ ದೋಷ, ಒಂದೊಂದಾಗಿ ಬಿದ್ದುಹೋದವು.

"ನಾ ಗುಡ್ಡಾ ಏರಿರಲಿಲ್ಲ," ಎಂದ.

"ನನಗ ಗೊತ್ತಲ್ರಿ. ನಾನೂ ಅಲ್ಲೇ ಇದ್ನಲ್ಲ, ಬಿಸಲಾಗ."

"ದಾರಿ ಇಲ್ಲ. ಸೈಕಲ್ ಮಂದಿಗೆ ಹೇಳು. ರವಿವಾರ ಯಾರೂ ಇಳಿಯೂದು ಬ್ಯಾಡ."

ಯಲ್ಲಾರಿ ಉಗುರು ತೆಗೆಯುವ ಚಾಕುವನ್ನು ಮಡಚಿದ. "ಒತ್ತು ಅಂದ್ರಿ, ಒತ್ತಿದೆ. ಪಗಾರದ ಆಶಾಕ ಒತ್ತಿದೆ. ಮಾಸ್ತರು ಹ್ವಾದ ಸುದ್ದಿ ಈಕಿ ಬಂದು ಹೇಳಿದಾಗ ಈ ಹೆಬ್ಬಟ್ಟು ನೋಡಿಕೋತ ಕುಂತಿದ್ದೆ. ನೀವು ಅಲ್ಲಿ ಏನ ನೋಡಿಕೋತ ಕುಂತಿದ್ರೋ ಏನೋ. ನಿನ್ನೆ ನನ್ನ ಮೊಮ್ಮಗಳ ಮುಂದ ನನಗ ಅಕ್ಷರ ಬರೂದಿಲ್ಲ ಅಂದ್ರಂತ. ಖರೇ ಐತಿ. ಬರೂದಿಲ್ಲ. ಗುಡ್ಡ ಓದಾಕ ಬರತೈತಿ."

ಅಲ್ಲಪ್ಪನ ಸಿಟ್ಟಿಗೆ ಈಗ ಹೋಗಲು ಬೇರೆ ಜಾಗ ಉಳಿದಿರಲಿಲ್ಲ. ಅದು ಬಂದಲ್ಲಿಗೇ ಬಂದು ಕೂತಿತ್ತು. "ಅಳಿಸು," ಎಂದ ಮಯೂರಿಗೆ.

ಅವಳು ಪಕ್ಕದಲ್ಲಿ ಕೂತು ಫೋನಿನಲ್ಲಿ ನಕಾಶೆ ತೆರೆದಳು. ಬೂದಿಗುಡ್ಡ ಅಂಗೈಯಷ್ಟಾಗಿ ಕಂಡಿತು. ಅದರ ಬೆನ್ನ ಹಿಂದೆ ಅವನ ಚುಕ್ಕಿಗೆರೆ. ಬಂಡೆಯ ಹತ್ತಿರ ಎಡಕ್ಕೆ ಬಾಗಿದ, ಬಹಳ ಚೆನ್ನಾಗಿ ಬಂದಿದ್ದ ಆ ಬಾಗು. ಕೆಳಗೆ ತಮ್ಮನ ಮಾತು: 'ಮೂಲ: ನಮ್ಮಣ್ಣನ ಮೋಜಣಿ, ೧೯೮೭. ಇನ್ನೂ ಹೋಗಿ ನೋಡಬೇಕು.' ಹೋಗಿ ನೋಡಬೇಕು ಎಂದು ಬರೆದಿದ್ದ. ನೋಡಲಿಕ್ಕೆಂದೇ ಹೋಗಿದ್ದ.

"ಯಾಕ ಅಳಸಾಕತ್ತೀರಿ ಅಂತ ಕಾರಣ ಬರೀಬೇಕ್ರಿ. ಇಲ್ಲಂದ್ರ ನಾಳೆ ಯಾರರ ಹಳೇ ನಕಾಶೆ ನೋಡಿ ಮತ್ತ ಹಾಕ್ತಾರ."

"ಬರಿ. ಇಲ್ಲಿ ದಾರಿ ಇಲ್ಲ. ಈ ಗೆರೆಯನ್ನು ಬರೆದವನು ಗುಡ್ಡ ಏರದೆ, ಮರದ ಕೆಳಗೆ ಕೂತು ಬರೆದ. ಸಾಖಳಿ ಹಿಡಿದ ಯಲ್ಲಾರಿ ದಾರಿ ಇಲ್ಲವೆಂದು ಅವತ್ತೇ ಹೇಳಿದ್ದ."

"ನಿಮ್ಮ ಹೆಸರ ಹಾಕ್ಲೇನ್ರಿ?"

"ಹಾಕು. ನಿವೃತ್ತ ಮೋಜಣಿದಾರ ಅಂತಾನೂ ಹಾಕು."

ಅವಳು ಒತ್ತಿದಳು. ಮೂವತ್ತೊಂದು ಚುಕ್ಕಿಗಳು ಒಂದೇ ಸಲಕ್ಕೆ ಹೋದವು. ಗುಡ್ಡದ ಬೆನ್ನು ಬರಿದಾಯಿತು. ಆ ಬರಿಯ ಜಾಗದ ಅಂಚಿನವರೆಗೆ ಬಂದು ನಿಂತ ಒಂದು ನೀಲಿ ಗೆರೆ ಉಳಿಯಿತು. "ಇದು ಸರ್ ಅವತ್ತಿಂದು," ಎಂದಳು ಮಯೂರಿ. "ನಿನ್ನೆ ತೋರಸಾಕ ಬಂದಿದ್ದೆ. ಬಿದ್ದ ಮ್ಯಾಲೂ ಫೋನು ಬಂದ್ ಆಗಿರಲಿಲ್ರಿ. ಯಾರೂ ಬಂದ್ ಮಾಡಿರಲಿಲ್ಲ."

ಅವನು ನೋಡಿದ. ಗೆರೆ ಅಂಚಿನ ಕೆಳಗೆ ಒಂದೇ ಕಡೆ ಗಂಟುಗಂಟಾಗಿ ಸುತ್ತಿಕೊಂಡಿತ್ತು. ಎರಡು ತಾಸು ಎಂದಳು ಅವಳು. ಆಮೇಲೆ ಹಳ್ಳದ ಗುಂಟ ನಿಧಾನವಾಗಿ ಹೊರಟಿತ್ತು. ಅದು ಕುರಿಯವರು ಅವನನ್ನು, ಹ್ಯಾಂಡಲ್ಲಿನಿಂದ ಬಿಚ್ಚಿದ ಫೋನಿನ ಸಮೇತ, ಕಂಬಳಿಯಲ್ಲಿ ಹೊತ್ತು ನಡೆದದ್ದು. ಆಮೇಲೆ ಗೋಕಾಕದ ದವಾಖಾನೆ. ಅಲ್ಲಿ ಮತ್ತೆ ಗಂಟು. ಅಲ್ಲಿಂದ, ಅನ್ನಪೂರ್ಣಾಳ ಚೀಲದೊಳಗೆ, ಸಂಜೆ ಮೂಡಲಗಿಯ ದಾರಿ. ಅಂಗಡಿ ಓಣಿ, ಹೈಸ್ಕೂಲಿನ ಮೈದಾನದ ಬದಿ, ಬೇವಿನ ಗಿಡದ ತಿರುವು. ಗೆರೆ ತಮ್ಮನ ಮನೆಯ ಬಾಗಿಲಲ್ಲಿ ನಿಂತಿತ್ತು. ಫೋನಿನ ಜೀವ ಅಲ್ಲಿಗೆ ಮುಗಿದಿತ್ತು. ಅಳೆದವನು ಹೋದ ಮೇಲೂ ಒಂದು ಮಾರನ್ನೂ ಬಿಡದೆ ಅದು ಅಳೆದಿತ್ತು. ಮೂವತ್ನಾಲ್ಕು ವರ್ಷದ ತನ್ನ ಯಾವ ಹಾಳೆಯಲ್ಲೂ ಇಂಥ ಖರೆಯ ಗೆರೆ ಇರಲಿಲ್ಲವೆಂದು ಅಲ್ಲಪ್ಪನಿಗೆ ಅನಿಸಿತು.

"ಇದನ್ನ ಅಳಿಸಬ್ಯಾಡ," ಎಂದ.

"ಇಲ್ರಿ."

ಅವನು ಎದ್ದ. ಯಲ್ಲಾರಿ ಏಳಲಿಲ್ಲ, ಹೋಗಿ ಬರ್ರಿ ಎನ್ನಲಿಲ್ಲ. ಬಸ್ಸು ನಿಲ್ಲುವ ಜಾಗದಲ್ಲಿ ನೆರಳಿರಲಿಲ್ಲ. ಅಲ್ಲಪ್ಪ ಬಿಸಿಲಲ್ಲೇ ನಿಂತ. ದೂರದಲ್ಲಿ ಗುಡ್ಡದ ಸಾಲು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡ, ಕಣ್ಣು ಮುಚ್ಚಲಿಲ್ಲ.

ಶಿವನೇ, ಅವನು ಗಾಲಿ ತಾಗದ ಗೆರೆಯನ್ನು ತನ್ನದೆನ್ನದವನು. ಒಂದೇ ಒಂದು ಸಲ ಇನ್ನೊಬ್ಬರ ಕೈಯನ್ನು ನಂಬಿದ, ಅದು ನನ್ನ ಕೈ. ನನ್ನ ಸಿಟ್ಟು ನನ್ನಲ್ಲೇ ಇರಲಿ, ಅದನ್ನು ತೆಗೆಯಬೇಡ. ಅವನ ದಾರಿಯಲ್ಲಿ ಮಾತ್ರ ಇನ್ನು ಸುಳ್ಳು ತಿರುವು ಇಡಬೇಡ. ಅವನು ಬಹಳ ದಣಿದು ಮನೆಯ ಬಾಗಿಲವರೆಗೆ ಬಂದಿದ್ದಾನೆ. ಒಳಗೆ ಕರೆದುಕೋ. ನನ್ನ ತಮ್ಮನಿಗೆ ಶಾಂತಿ ಕೊಡು.